ಕಣ್ಣು ಮುಚ್ಚದ ಮೀನು

ನಾನು ದಾಡಿ ಮಾಡಿಕೊಳ್ಳುವ ಕನ್ನಡಿ ಗೋಡೆಗೆ ನೇತಾಡುತ್ತಿರುವುದು ಒಂದು ಸಣ್ಣ ನೈಲಾನ್ ದಾರದಿಂದ. ಕನ್ನಡಿಗೆ ಸಾಗವಾನಿ ಚೌಕಟ್ಟು ಇದೆ, ಇಳಿಸಲು ಎರಡೂ ಕೈ ಬೇಕು. ದಾರವೋ ಬೆಳಕಿಗೆ ಹಿಡಿದರೆ ಮಾತ್ರ ಕಾಣುವಂಥದ್ದು. ಈಚೆಗೆ ಮನೆಗೆ ಬಣ್ಣ ಹಚ್ಚಲು ಬಂದವನು ಅದರ ಹಿಂದೆ ಇಣುಕಿ ನೋಡಿ, "ಸರ್, ಇದು ಯಾವ್ದರ ಮ್ಯಾಲ ನಿಂತೈತ್ರಿ?" ಎಂದು ಹೌಹಾರಿದ. ಒಳಗಿನಿಂದ ನನ್ನ ಹೆಂಡತಿ, "ಒಂದಿನಾ ಅವರ ಕಾಲ ಮ್ಯಾಲ ಬೀಳತೈತಿ, ಅವತ್ತ ಬುದ್ಧಿ ಬರತೈತಿ" ಎಂದು ಉತ್ತರ ಕೊಟ್ಟಳು. ನಮ್ಮ ಮನೆಯಲ್ಲಿ ನನ್ನ ಪರವಾಗಿ ಮಾತನಾಡುವವರು ಕಡಿಮೆ.

ದಾರ ಹರಿಯುವುದಿಲ್ಲ. ನಾನು ಇಷ್ಟು ಖಾತ್ರಿಯಾಗಿ ಹೇಳುವುದಕ್ಕೆ ಕಾರಣವಿದೆ. ಅದು ಹರಿಯದೆ ಉಳಿದದ್ದನ್ನು ಅಂಕೋಲೆಯ ಹತ್ತಿರ ಸಮುದ್ರದ ನಡುವೆ ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಕಂಡವನು ಅರ್ಧ ಸತ್ತಿದ್ದ, ಆ ಮಾತು ಬೇರೆ. ಎಂಬತ್ತಾರನೆಯ ಇಸವಿಯೋ ಎಂಬತ್ತೇಳೋ, ದೀಪಾವಳಿ ಮುಗಿದು ಗಾಳಿ ತಣ್ಣಗಾಗಿತ್ತು. ಆದರೆ ಸಮುದ್ರಕ್ಕೆ ಹೋಗುವ ಮೊದಲು ನಿಮಗೆ ನನ್ನ ಅಪ್ಪನ ವಿಷಯ ಹೇಳಬೇಕು. ಅವನನ್ನು ಬಿಟ್ಟರೆ ಈ ಕಥೆಯಲ್ಲಿ ಉಳಿಯುವುದು ನನ್ನ ವಾಂತಿ ಒಂದೇ.

ಅಪ್ಪ ಕಲಘಟಗಿಯಲ್ಲಿ ತೊಟ್ಟಿಲಿಗೆ ಬಣ್ಣ ಬರೆಯುವವನು. ಯಲ್ಲಪ್ಪ ಎಂದು ಹೆಸರು. ಸಾಗವಾನಿ ಹಲಗೆ, ಅರಗಿನ ಬಣ್ಣ, ಕೊನೆಗೆ ಕೇದಗಿ ಎಲೆಯಿಂದ ತಿಕ್ಕಿ ತಿಕ್ಕಿ ತರುವ ಹೊಳಪು, ಇವಿಷ್ಟೇ ಅವನ ಲೋಕ. ತೊಟ್ಟಿಲಿನ ಹೊರಮೈಗೆ ಗಿಳಿ, ನವಿಲು, ಆನೆ, ಹೂಬಳ್ಳಿ ಬರೆಯುತ್ತಿದ್ದ. ಒಳಮೈಯಲ್ಲಿ, ಕೂಸಿನ ಕಾಲ ಕಡೆಯ ಹಲಗೆಯ ಮೇಲೆ, ಮಲಗಿದ ಕೂಸಿನ ಕಣ್ಣಿಗೆ ನೇರವಾಗಿ ಕಾಣುವಂತೆ ಒಂದೇ ಒಂದು ಮೀನು. ಹೋಳಿಗೆ ತಿಂದು ಬೆಳೆದಂಥ ದುಂಡನೆಯ ಕೆಂಪು ಮೀನು ಅದು. ಅದರ ಕಣ್ಣು ಮುಚ್ಚಿರುತ್ತಿತ್ತು. ಮುಚ್ಚಿದ ರೆಪ್ಪೆಗೆ ಐದು ಕೂದಲು. ಯಾಕೆಂದು ಕೇಳಿದರೆ, "ಮೀನಾ ಮಲಗಿದ್ದು ನೋಡಿ ಕೂಸು ಮಲಗತೈತಿ" ಎನ್ನುತ್ತಿದ್ದ. ಅವನ ಅಪ್ಪನೂ ಹಾಗೇ ಬರೆದಿದ್ದನಂತೆ.

ಈಗ ನನ್ನ ಮರ್ಯಾದೆಯ ಪ್ರಶ್ನೆ. ನಾನು ಬಿ.ಎಸ್ಸಿ. ಓದಿ, ನವಲಗುಂದ ತಾಲೂಕಿನ ತಿರ್ಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹತ್ತಿ ಹೊಲಗಳ ನಡುವಿನ ಆ ಶಾಲೆಯ ಕರಿಹಲಗೆಯ ಮೇಲೆ ಮೀನಿನ ಚಿತ್ರ ಬರೆದು, ಕಿವಿರು ತೋರಿಸಿ, 'ಮೀನಿಗೆ ಕಣ್ಣುರೆಪ್ಪೆ ಇರುವುದಿಲ್ಲ' ಎಂದು ನೋಟ್ಸ್ ಹೇಳಿ ಬರೆಸುತ್ತಿದ್ದೆ. ಶನಿವಾರ ಬಸ್ಸು ಹತ್ತಿ ಊರಿಗೆ ಬಂದು, ರವಿವಾರ ಅಪ್ಪನ ಬಾಜೂ ಕೂತು ಅದೇ ಕೈಯಿಂದ ಐದು ರೆಪ್ಪೆಗೂದಲು ಎಳೆಯುತ್ತಿದ್ದೆ. ಎರಡೂ ಮೀನುಗಳು ನನ್ನ ತಲೆಯೊಳಗೆ ಒಂದು ದಿನವೂ ಎದುರುಬದುರಾಗಲಿಲ್ಲ. ಬಿ.ಎಸ್ಸಿ. ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿಯೇ ಇಳಿದುಬಿಡುತ್ತಿತ್ತು ಎಂದು ಕಾಣುತ್ತದೆ.

ನಮಗೆ ಮೀನು ವರ್ಜ್ಯವೇನಲ್ಲ. ಆದರೆ ಮೀನೆಂದರೆ ಸಂತೆಗೆ ಬರುವ ಒಣ ಮೀನು. ತಲೆ ಇಲ್ಲದ್ದು, ಕಟ್ಟಿಗೆಯಂತೆ ಸೆಟೆದದ್ದು. ಅವ್ವ ಅದನ್ನು ಬಿಸಿನೀರಲ್ಲಿ ನೆನೆಸಿ, ಉಪ್ಪು ತೊಳೆದು, ಜೋಳದ ರೊಟ್ಟಿಗೆ ಪಲ್ಯ ಮಾಡುತ್ತಿದ್ದಳು. ಅಂಕೋಲೆಯಿಂದ ಹುಬ್ಬಳ್ಳಿಗೆ ಹಸಿ ಮೀನು ಹೊತ್ತ ಲಾರಿಗಳು ನಮ್ಮೂರ ರಸ್ತೆಯಲ್ಲೇ ಹೋಗುತ್ತಿದ್ದವು. ನಮಗೆ ದಕ್ಕುತ್ತಿದ್ದದ್ದು ಅವು ಸುರಿಸಿಕೊಂಡು ಹೋದ ನೀರು ಮತ್ತು ವಾಸನೆ ಮಾತ್ರ.

ಅಪ್ಪನ ಕಸುಬಿನಲ್ಲಿ ಎರಡು ಕಟ್ಟಳೆಗಳಿದ್ದವು. ತೊಟ್ಟಿಲಿನ ಮೇಲೆ ಬರೆದ ಯಾವ ಜೀವಕ್ಕೂ ನಮ್ಮ ಮನೆಯಲ್ಲಿ ಕಣ್ಣಿಡುತ್ತಿರಲಿಲ್ಲ. ಕೂಸಿನ ಮನೆಗೇ ಹೋಗಿ, ಸ್ನಾನ ಮಾಡಿ, ಕಾಡಿಗೆಯಿಂದ ಗಿಳಿಗೆ, ನವಿಲಿಗೆ, ಆನೆಗೆ ಒಂದೊಂದಾಗಿ ಕಣ್ಣಿಟ್ಟು ಬರಬೇಕು. ಮೀನಿನ ಕಣ್ಣು ಹೇಗೂ ಮುಚ್ಚಿರುವುದರಿಂದ ಅದು ಮಾತ್ರ ಮನೆಯಲ್ಲೇ ಪೂರಾ ಆಗಿರುತ್ತಿತ್ತು. ಇನ್ನೊಂದು ಕಟ್ಟಳೆ, ಹೋದ ತೊಟ್ಟಿಲು ತಿರುಗಿ ಬರಬಾರದು. ಖಾಲಿ ತೊಟ್ಟಿಲು ಬಸ್ಸಿನಿಂದ ಇಳಿಯಿತೆಂದರೆ ನೋಡಿದವರು ಯಾರೂ ಕಾರಣ ಕೇಳುವುದಿಲ್ಲ. ಆ ಮನೆಯ ಕೂಸು ಹೋಯಿತು ಎಂದೇ ತಿಳಿದು ಟೊಪ್ಪಿಗೆ ತೆಗೆಯುತ್ತಾರೆ. ಅಪ್ಪನ ನಲವತ್ತು ವರ್ಷದ ಕಸುಬಿನಲ್ಲಿ ಒಂದೂ ತಿರುಗಿ ಬಂದಿರಲಿಲ್ಲ.

ಆ ಸಲ ತೊಟ್ಟಿಲು ಬೇಕೆಂದು ಕಾಗದ ಬರೆದವರು ಅಂಕೋಲೆಯ ಬದಿಯ ಬೇಲೇಕೇರಿಯ ಶಾಂತಾರಾಮ ಮಾಸ್ತರು. ಗಣಿತ ಕಲಿಸಿ ನಿವೃತ್ತರಾದವರು. ಮಗಳು ಉಷಾ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಕೂಸಿಗೆ ಒಂದೂವರೆ ತಿಂಗಳು, ರವಿವಾರ ತೊಟ್ಟಿಲಿಗೆ ಹಾಕಿ ಹೆಸರಿಡುವವರಿದ್ದರು. ನನಗೂ ರಜೆ ಇತ್ತು. ಶುಕ್ರವಾರ ತೊಟ್ಟಿಲನ್ನು ಬಸ್ಸಿನ ಮೇಲೆ ಕಟ್ಟಿಸಿ, ಯಲ್ಲಾಪುರ ದಾಟಿ, ಘಟ್ಟ ಇಳಿದೆವು. ಪ್ರತಿ ತಿರುವಿನಲ್ಲೂ ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ ಮೇಲೆ ನೋಡುತ್ತಿದ್ದ. ಕಂಡಕ್ಟರ್, "ಕಾಕಾ, ತಲಿ ಒಳಗ ತೊಗೋರಿ, ತೊಟ್ಲಾ ಎಲ್ಲೂ ಓಡಿ ಹೋಗಂಗಿಲ್ಲ" ಎಂದು ನಾಲ್ಕು ಸಲ ಹೇಳಿದ.

ಮಾಸ್ತರ ಮನೆಯಲ್ಲಿ ತೊಟ್ಟಿಲು ಇಳಿಸಿ ಮೇಲಿನ ಚಾದರ ಸರಿಸಿದಾಗ ಎಲ್ಲರೂ ಹಾ ಎಂದರು. ಮಾಸ್ತರು ಚಸ್ಮಾ ಏರಿಸಿ ಸುತ್ತ ನೋಡಿದರು. ಗಿಳಿಗೆ ತಲೆದೂಗಿದರು, ಆನೆಗೆ ತಲೆದೂಗಿದರು. ಒಳಗೆ ಬಗ್ಗಿ ಮೀನು ನೋಡಿದವರು ಅಲ್ಲೇ ನಿಂತುಬಿಟ್ಟರು. ಹಿಂದಿನಿಂದ ಇಣುಕಿದ ಉಷಾ ಕೂಸನ್ನು ಎದೆಗೆ ಒತ್ತಿಕೊಂಡು ಸರಕ್ಕನೆ ಒಳಗೆ ಹೋದಳು.

"ಚಿತ್ರಗಾರರೇ, ಇದೆಂಥ ಮೀನು?" ಎಂದರು ಮಾಸ್ತರು.

"ಮೀನಾ ಅಂದ್ರ ಮೀನಾರಿ" ಎಂದ ಅಪ್ಪ.

"ಕಣ್ಣು ಮುಚ್ಚಿದೆಯಲ್ಲ?"

"ಮಲಗೇತ್ರಿ. ಅದನ್ನ ನೋಡಿ ಕೂಸು ಮಲಗತೈತಿ."

"ಮೀನು ಕಣ್ಣು ಮುಚ್ಚೋದಿಲ್ಲ. ಅದಕ್ಕೆ ರೆಪ್ಪೆಯೇ ಇಲ್ಲ. ಹುಟ್ಟಿದಾಗ ತೆರೆದ ಕಣ್ಣು, ಸತ್ತ ಮೇಲೂ ತೆರೆದೇ ಇರ್ತದೆ. ನಾನು ಐವತ್ತು ವರ್ಷದಿಂದ ಗಾಳ ಹಾಕ್ತಿದ್ದೇನೆ."

ಅಪ್ಪ ನನ್ನ ಕಡೆ ತಿರುಗಿದ. "ಲೇ ತಮ್ಮಾ, ನೀ ಕಲತಾಂವ. ಹೇಳು ಇವರಿಗೆ."

ಆ ಕ್ಷಣದಲ್ಲಿ ನನ್ನ ತಲೆಯೊಳಗಿನ ಎರಡೂ ಮೀನುಗಳು ಮೊಟ್ಟಮೊದಲ ಸಲ ಮುಖಾಮುಖಿಯಾದವು. "ಅಪ್ಪಾ, ಅವರು ಹೇಳೂದು ಖರೇನ..." ಎಂದು ತೊದಲಿದೆ. ಅಪ್ಪ ನನ್ನನ್ನು ನೋಡಿದ ನೋಟ ಇಂದಿಗೂ ನೆನಪಿದೆ. ಇಪ್ಪತ್ತು ವರ್ಷ ಬಾಜೂ ಕೂತು ರೆಪ್ಪೆ ಬರೆದವನು ಇವನೇನಾ ಎಂಬಂತಿತ್ತು.

"ಸತ್ತಾಗ ತೆರದಿರತಾವು ಅಂದ್ರಿ, ಇರಲಿ" ಎಂದ ಅಪ್ಪ, ಸೋಲದೆ. "ನೀರಾಗ ಮಲಗಿದಾಗ ಯಾರ್ ನೋಡ್ಯಾರ? ಮಲಗದ ಜೀವ ಎಲ್ಲಿ ಇರತೈತ್ರಿ?"

"ಇಂಥ ಮುಚ್ಚಿದ ಕಣ್ಣಿನ ಕೆಳಗೆ ನನ್ನ ಮೊಮ್ಮಗಳನ್ನ ಮಲಗಿಸೋದಿಲ್ಲ. ತೊಟ್ಟಿಲು ವಾಪಸ್ ತಗೊಂಡ್ಹೋಗಿ" ಎಂದರು ಮಾಸ್ತರು. ಗಡಸು ಮಾತು. ಹೇಳಿದ ಮೇಲೆ ಅವರಿಗೂ ಕಸಿವಿಸಿಯಾಯಿತು. ಅಪ್ಪನ ಮುಖ ಬಿಳಿಚಿತು. ವಾಪಸ್ ಎಂಬ ಮಾತಿನ ಅರ್ಥ ನಮ್ಮೂರಲ್ಲಿ ಏನೆಂದು ಈ ಮನೆಯವರಿಗೆ ಹೇಗೆ ಹೇಳುವುದು? ಕೂಸು ಒಳಗೆ ಅಳುತ್ತಿತ್ತು. ಅಂಥ ಮಾತನ್ನು ಆ ಮನೆಯಲ್ಲಿ ನಿಂತು ಬಾಯಿಬಿಟ್ಟು ಆಡುವಂತೆಯೂ ಇರಲಿಲ್ಲ.

"ಹಂಗಾರ ಖರೇ ಮೀನಾ ತೋರಸ್ರಿ ನನಗ" ಎಂದ ಅಪ್ಪ ಕೊನೆಗೆ. "ಜೀವಂತ ಇರಬೇಕು, ನೀರಾಗ ಇರಬೇಕು. ಅದು ಕಣ್ಣ ಪಿಳುಕಿಸಲಿಲ್ಲಂದ್ರ ನಾ ನನ್ನ ಕೈಯಾರೆ ಈ ರೆಪ್ಪಿ ಕೆರೀತೀನಿ. ಪಿಳುಕಿಸಿದ್ರ ತೊಟ್ಲಾ ಇಲ್ಲೇ ಇರತೈತಿ, ಹಿಂಗ ಇರತೈತಿ."

ಮಾಸ್ತರ ಮುಖ ಅರಳಿತು. ಅವರು ಮೀನು ಹಿಡಿಯುವುದು ಹೊಟ್ಟೆಪಾಡಿಗಲ್ಲ, ಬರೀ ಹುಚ್ಚಿಗೆ. ಹಡಗಿನಲ್ಲಿ ಕೆಲಸಕ್ಕಿದ್ದ ತಮ್ಮ ಯಾವುದೋ ದೇಶದಿಂದ ತಂದುಕೊಟ್ಟ ಗಾಳದ ಕೋಲು, ಅದಕ್ಕೊಂದು ಹೊಳೆಯುವ ರೀಲು. ಅದನ್ನು ಅವರು ಗೋಡೆಯ ಮೇಲೆ ದೇವರ ಪಟದ ಪಕ್ಕವೇ ಇಟ್ಟಿದ್ದರು. "ನಾಳೆ ಬೆಳಗಾಗುತ್ತಲೇ ಹೋಗುವ" ಎಂದರು.

ಸಮುದ್ರ ನೋಡಿದ್ದು ನಾನೂ ಅಪ್ಪನೂ ಅದೇ ಮೊದಲು. ಬೆಳಕು ಹರಿಯುತ್ತಿತ್ತು. ಅಪ್ಪ ಮರಳಿನ ಅಂಚಿನಲ್ಲಿ ಚಪ್ಪಲಿ ಬಿಟ್ಟು, ತಲೆಯ ಪಟಕಾ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬಹಳ ಹೊತ್ತು ನಿಂತ. "ಆಚಿ ದಂಡಿ ಎಲ್ಲೈತ್ರಿ?" ಎಂದು ಕೇಳಿದ. ದೋಣಿ ನೀರಿಗೆ ತಳ್ಳುತ್ತಿದ್ದ ಅಂಬಿಗ ಸೋಮ, "ಆಚೆ ದಡ ನಾನೂ ನೋಡಲಿಲ್ಲ" ಎಂದು ನಕ್ಕ. ಅಪ್ಪ ನಗಲಿಲ್ಲ. ನನ್ನ ಕಿವಿಯ ಹತ್ತಿರ ಬಂದು, "ತಮ್ಮಾ, ಈ ಬಣ್ಣಾ ನನ್ನ ಕಡೆ ಇಲ್ಲೋ" ಎಂದ. ಅವನ ದನಿಯಲ್ಲಿ ಇದ್ದದ್ದು ಹೆದರಿಕೆಯೋ ಭಕ್ತಿಯೋ ನನಗೆ ತಿಳಿಯಲಿಲ್ಲ. ನನಗೂ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಎರೆಹೊಲದ ಬಯಲು ನೋಡಿ ಬೆಳೆದವನಿಗೆ ಬಯಲು ಹೊಸದಲ್ಲ. ಆದರೆ ಬಯಲೇ ಎದ್ದು ಉಸಿರಾಡುತ್ತಿರುವುದನ್ನು ನಾನು ಕಂಡಿರಲಿಲ್ಲ.

ದೋಣಿಯಲ್ಲಿ ನಾವು ನಾಲ್ವರು. ಹುಟ್ಟು ಹಾಕುವುದು ಸೋಮ, ಕೋಲು ಹಿಡಿದವರು ಮಾಸ್ತರು, ನಡುವೆ ನಾನು, ಮೂತಿಯ ಕಡೆ ಅಪ್ಪ. ದಡ ಗೆರೆಯಾಗುವಷ್ಟು ದೂರ ಹೋದ ಮೇಲೆ ಸರಪಳಿ ಕಟ್ಟಿ ತೇಲಿಬಿಟ್ಟ ಒಂದು ದೊಡ್ಡ ಕಬ್ಬಿಣದ ಪೀಪಾಯಿ ಸಿಕ್ಕಿತು. ಹಡಗುಗಳಿಗೆ ಗುರುತಂತೆ. ಅದರ ನೆರಳಲ್ಲಿ ಬರುವ ಮೀನಿಗಾಗಿಯೇ ನಾವು ಬಂದದ್ದು. ಮಾಸ್ತರು ಹೇಳಿದ ಹೆಸರು ನನ್ನ ಕಿವಿಗೆ ಮೋಡಸಾ ಎಂದು ಬಿತ್ತು. ಇಂಗ್ಲಿಷಿನಲ್ಲಿ ಕೋಬಿಯಾ ಎನ್ನುತ್ತಾರೆ ಎಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. "ಬೇರೆ ಮೀನು ದೋಣಿ ಕಂಡ್ರೆ ಓಡಿಹೋಗ್ತವೆ. ಇದಕ್ಕೆ ಕುತೂಹಲ ಜಾಸ್ತಿ. ಯಾರು ಬಂದ್ರು ಅಂತ ನೋಡ್ಲಿಕ್ಕೆ ಬರ್ತದೆ" ಎಂದರು. ಕೊಡದ ನೀರಿನಲ್ಲಿದ್ದ ಜೀವಂತ ಬಂಗಡೆಯೊಂದನ್ನು ಗಾಳಕ್ಕೆ ಸಿಕ್ಕಿಸಿ, ಪೀಪಾಯಿಯ ಬದಿಗೆ ಮೆಲ್ಲಗೆ ಬಿಟ್ಟರು.

ಕಾದೆವು. ದೋಣಿ ನಿಂತ ಮೇಲೆ ಅಲುಗಾಟ ಹೆಚ್ಚಾಯಿತು. ಮುಂದಿನ ಅರ್ಧ ತಾಸಿನ ವರ್ಣನೆ ಬೇಡ. ಬೆಳಿಗ್ಗೆ ಮಾಸ್ತರ ಮನೆಯಲ್ಲಿ ತಿಂದ ದೋಸೆಯ ಲೆಕ್ಕವನ್ನು ಅವರ ಕಣ್ಣೆದುರೇ ಸಮುದ್ರಕ್ಕೆ ಪೂರಾ ಒಪ್ಪಿಸಿದೆ. ಸೋಮ, "ಒಳ್ಳೇದಾಯ್ತು, ಮೀನು ಬರ್ತದೆ" ಎಂದು ಸಮಾಧಾನ ಹೇಳಿದ. ಅಪ್ಪ ಮಾತ್ರ ಬಂಡೆಯಂತೆ ಕೂತಿದ್ದ. ಅವನ ಕಣ್ಣು ನೀರು ಬಿಟ್ಟು ಏಳಲಿಲ್ಲ.

ಎಳೆತ ಬಂದಾಗ ನಾನು ದೋಣಿಯ ಅಂಚಿಗೆ ಗದ್ದ ಊರಿದ್ದೆ. ರೀಲು ಕಿರ್ರನೆ ಕೂಗಿತು. ಕೋಲು ನೀರಿಗೆ ಮೂಗು ತಾಗಿಸುವಷ್ಟು ಬಾಗಿತು. ಮಾಸ್ತರು ಕಾಲು ಅಗಲಿಸಿ, ಮೊಣಕಾಲು ದೋಣಿಯ ಪಕ್ಕೆಗೆ ಒತ್ತಿ, "ಸರಪಳಿ! ಸರಪಳಿ!" ಎಂದು ಚೀರಿದರು. ಪೀಪಾಯಿಯ ಸರಪಳಿಗೆ ದಾರ ತಾಗಿದರೆ ಮುಗಿಯಿತು. ಸೋಮ ಹುಟ್ಟು ಹಾಕಿ ದೋಣಿಯನ್ನು ದೂರಕ್ಕೆ ಎಳೆದ. ಆಳದಲ್ಲಿ ಯಾವುದೋ ಎತ್ತು ಹಗ್ಗ ಜಗ್ಗಿದಂತೆ ದೋಣಿಯೇ ವಾಲಿತು. ದಾರ ಬಿಗಿದು ಗಾಳಿಯಲ್ಲಿ ಸಣ್ಣಗೆ ಹಾಡುತ್ತಿತ್ತು. ಆ ದಾರ ನನ್ನ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಮನುಷ್ಯನೊಬ್ಬ ಬರಿಗೈಯಲ್ಲಿ ಸಮುದ್ರವನ್ನು ಎಳೆಯುತ್ತಿದ್ದಾನೆ ಎನ್ನಿಸುತ್ತಿತ್ತು.

ಹತ್ತು ನಿಮಿಷ ಎಳೆದರೆ ಎರಡು ಮಾರು ದಾರ ಬರುತ್ತಿತ್ತು. ಮೀನು ಒಮ್ಮೆ ಮನಸ್ಸು ಮಾಡಿದರೆ ಇಪ್ಪತ್ತು ಮಾರು ಹೋಗುತ್ತಿತ್ತು. ಮಾಸ್ತರ ತೋಳು ನಡುಗತೊಡಗಿತು. ಅರವತ್ತು ದಾಟಿದವರು. ನಾನು ಕೈ ಚಾಚಿದೆ. "ಮುಟ್ಟಬೇಡಿ!" ಎಂದು ಗದರಿದರು. "ಆ ಮೀನಿಗೆ ಕೈ ಜೋಡಿಸ್ಲಿಕ್ಕೆ ಅಲ್ಲಿ ಯಾರಾದ್ರೂ ಇದ್ದಾರಾ? ಹಾಗಾದ್ರೆ ನನಗೂ ಬೇಡ." ಬಲೆ ಹಾಕಿ ಹಿಡಿಯಬಹುದಲ್ಲ ಎಂದು ನಾನು ಹಿಂದಿನ ದಿನ ಕೇಳಿದ್ದಕ್ಕೆ ಯಾಕೆ ಮುಖ ಸಿಂಡರಿಸಿದ್ದರೆಂದು ಆಗ ತಿಳಿಯಿತು. ಮುಕ್ಕಾಲು ತಾಸು ಅವರು ಯಾರನ್ನೂ ನೋಡಲಿಲ್ಲ. ಬೆವರು ಚಸ್ಮಾದ ಮೇಲೆ ಇಳಿದರೂ ಒರೆಸಿಕೊಳ್ಳಲಿಲ್ಲ.

ಆಮೇಲೆ ಅದು ಮೇಲೆ ಬಂತು. ಮೊದಲು ನೀರಿನಲ್ಲಿ ಒಂದು ಕಂದು ನೆರಳು, ಆಮೇಲೆ ಅದಕ್ಕೆ ಉದ್ದ, ಆಮೇಲೆ ಅಗಲ. ನನ್ನ ಎದೆಯುದ್ದ ಇತ್ತು ಎಂದರೆ ನೀವು ನಂಬಲಿಕ್ಕಿಲ್ಲ, ನಂಬಬೇಡಿ, ಆದರೆ ಇತ್ತು. ಚಪ್ಪಟೆ ತಲೆ, ಅಗಲ ಬಾಯಿ, ಬೆನ್ನ ಮೇಲೆ ಗಿಡ್ಡ ಮುಳ್ಳುಗಳ ಸಾಲು. ಕಂದು ಮೈಗೆ ಪಕ್ಕದಲ್ಲಿ ಬೆಳ್ಳಿಯ ಪಟ್ಟಿ ಎಳೆದಂತೆ ಮಿಂಚು, ಕೆಳಗೆ ಹಾಲುಬಿಳಿ ಹೊಟ್ಟೆ. ನಮ್ಮ ತೊಟ್ಟಿಲಿನ ಕೆಂಪು ಗುಂಡಣ್ಣ ನೆನಪಾಗಿ ನನಗೆ ನಾಚಿಕೆಯಾಯಿತು.

"ಜೋಡಿ ಉಂಟು, ಮಾಸ್ತರೇ!" ಎಂದ ಸೋಮ.

ಹೌದು, ಹಿಂದೆ ಇನ್ನೊಂದು ಇತ್ತು. ಗಾಳ ಇಲ್ಲ, ದಾರ ಇಲ್ಲ, ಯಾರೂ ಎಳೆಯುತ್ತಿಲ್ಲ. ಸಿಕ್ಕಿಬಿದ್ದದ್ದರ ಜೊತೆಗೆ ಅದು ತಾನಾಗಿ ದೋಣಿಯವರೆಗೆ ಬಂದಿತ್ತು. ಸೋಮ ಇನ್ನೊಂದು ಗಾಳಕ್ಕೆ ಕೈ ಹಾಕಿದ. "ಬೇಡ, ಒಂದು ಸಾಕು. ಜೊತೆಗೆ ಬಂದದ್ದನ್ನ ಹಿಡಿಯೋದಿಲ್ಲ" ಎಂದರು ಮಾಸ್ತರು, ಏದುಸಿರಿನಲ್ಲಿ. ಅಪ್ಪ ದೋಣಿಯ ಅಂಚಿಗೆ ಎದೆಯಿಟ್ಟು ಬಗ್ಗಿದ. ಆ ಜೊತೆಗಾರ ಮೀನು ಅವನ ಮುಖದಿಂದ ಒಂದು ಗೇಣು ಕೆಳಗೆ, ತಿಳಿನೀರಿನಲ್ಲಿ, ಅಡ್ಡಲಾಗಿ ನಿಂತು ಅವನನ್ನೇ ನೋಡುತ್ತಿತ್ತು.

ಅಪ್ಪ ಪಣ ಮರೆತಿರಲಿಲ್ಲ. ಅದು ಪಿಳುಕಿಸುವ ತನಕ ತಾನೂ ಪಿಳುಕಿಸುವುದಿಲ್ಲ ಎಂದು ಹಟ ಹಿಡಿದು ಕಣ್ಣು ನೆಟ್ಟ. ಉಪ್ಪುನೀರು ಹಾರಿ ಕಣ್ಣಿಗೆ ಬಿತ್ತು, ಬಿಡಲಿಲ್ಲ. ಕಣ್ಣು ಕೆಂಪಾಯಿತು, ನೀರು ಸುರಿಯಿತು, ಬಿಡಲಿಲ್ಲ. ಮೀನಿನ ಕಣ್ಣು ತೆರೆದೇ ಇತ್ತು. ದುಂಡನೆಯ ಕಪ್ಪು, ಸುತ್ತ ಸಣ್ಣ ಬಂಗಾರದ ಬಳೆ. ಸಿಟ್ಟಿಲ್ಲ, ಹೆದರಿಕೆ ಇಲ್ಲ, ಬರೀ ನೋಟ. ಕೊನೆಗೆ ಅಪ್ಪನ ರೆಪ್ಪೆ ಪಟಪಟನೆ ಬಡಿದುಕೊಂಡಿತು. ಅವನು ಮತ್ತೆ ಕಣ್ಣು ತೆರೆಯುವಷ್ಟರಲ್ಲಿ ಅದು ತಿರುಗಿ ಆಳಕ್ಕೆ ಹೋಗಿತ್ತು.

"ಸೋತೆ" ಎಂದ ಅಪ್ಪ. ಅವನ ಬಾಯಿಂದ ಆ ಮಾತನ್ನು ನಾನು ಅಲ್ಲಿಯತನಕ ಕೇಳಿರಲಿಲ್ಲ.

ಹಿಡಿದ ಮೀನನ್ನು ಸೋಮ ಕೊಕ್ಕೆಯಿಂದ ಎತ್ತಿ ದೋಣಿಗೆ ಹಾಕಿದ. ಅದು ಬಡಿದ ಬಡಿತಕ್ಕೆ ಕೊಡ ಉರುಳಿತು, ನಾನು ಕಾಲು ಮೇಲೆತ್ತಿ ಕೂತೆ. ದೊಣ್ಣೆಯ ಎರಡು ಏಟು ಬಿದ್ದ ಮೇಲೆ ಸುಮ್ಮನಾಯಿತು. ಅದರ ನಂತರ ನಡೆದದ್ದನ್ನು ನಾನು ಎಷ್ಟು ಹೇಳಿದರೂ ಸಾಲದು. ಬಣ್ಣ ಹೋಗತೊಡಗಿತು. ಬೆಳ್ಳಿಯ ಪಟ್ಟಿ ಮೊದಲು ಮಾಸಿತು, ಕಂದು ಬೂದಿಯಾಯಿತು, ಬಿಳಿ ಸುಣ್ಣವಾಯಿತು. ಜೀವಮಾನವೆಲ್ಲ ಬಣ್ಣ ನಿಲ್ಲಿಸುವುದನ್ನೇ ಮಾಡಿದ ಅಪ್ಪ, "ಹೋಗಾಕತ್ತೈತಿ... ಹೋಗಾಕತ್ತೈತಿ ನೋಡೋ ತಮ್ಮಾ" ಎನ್ನುತ್ತಾ ಎರಡೂ ಕೈಯಿಂದ ಅದರ ಮೈ ಮುಚ್ಚಿ ಹಿಡಿದ, ಬಿಸಿಲು ಮರೆಮಾಡಿದರೆ ನಿಂತೀತು ಎಂಬಂತೆ. ನಿಲ್ಲಲಿಲ್ಲ.

ಆಗ ಅವನು ಒಂದು ಕೆಲಸ ಮಾಡಿದ. ಸತ್ತವರಿಗೆ ಮಾಡುವಂತೆ, ಅಂಗೈಯನ್ನು ಮೀನಿನ ಕಣ್ಣ ಮೇಲೆ ಇಟ್ಟು ಮೆಲ್ಲಗೆ ಕೆಳಕ್ಕೆ ಎಳೆದ. ಕೈ ತೆಗೆದ. ಕಣ್ಣು ತೆರೆದೇ ಇತ್ತು. ಇನ್ನೊಮ್ಮೆ ಎಳೆದ. ಮುಚ್ಚಲು ಅಲ್ಲಿ ಏನೂ ಇರಲಿಲ್ಲ. ಸೋಮ ಹುಟ್ಟು ಹಾಕುವುದನ್ನು ನಿಲ್ಲಿಸಿದ್ದ. ಮಾಸ್ತರು ಚಸ್ಮಾ ತೆಗೆದು ಒರೆಸಿಕೊಂಡರು.

ಮನೆಯಲ್ಲಿ ಮಾಸ್ತರ ಹೆಂಡತಿ ಸುಮತಿಯಕ್ಕ ಮೀನು ಕಂಡದ್ದೇ ಸೆರಗು ಸಿಕ್ಕಿಸಿದರು. ನಾನು ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ನೋಡಿದೆ, ವಿಜ್ಞಾನದ ಮೇಷ್ಟರಿಗೆ ಇದೂ ಪಾಠವೇ. ಹಿತ್ತಲ ಕಲ್ಲಿನ ಮೇಲೆ ಕೊಯ್ದರೆ ಮಾಂಸ ತೆಂಗಿನಕಾಯಿಯ ತಿರುಳಿನಷ್ಟು ಬಿಳಿ. ಸಣ್ಣ ಮುಳ್ಳುಗಳ ಕಾಟವಿಲ್ಲ, ನಡುವೆ ಒಂದೇ ಬೆನ್ನೆಲುಬು. ಕೆಲವು ಹೋಳುಗಳಿಗೆ ಉಪ್ಪು, ಅರಿಸಿನ, ಖಾರ, ಹುಳಿ ಹಚ್ಚಿಟ್ಟು, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಹಾಕಿದರು. ಸಾರಿಗೆ ಕಾಯಿತುರಿ, ಕೊತ್ತಂಬರಿ, ಬ್ಯಾಡಗಿ ಮೆಣಸಿನಕಾಯಿ ಅರೆದರು. ನಮ್ಮ ಕಡೆಯ ಮೆಣಸಿನಕಾಯಿ ಇಲ್ಲಿಗೆ ಬಂದು ಸಮುದ್ರಕ್ಕೆ ಬಣ್ಣ ಕೊಡುತ್ತಿದೆಯಲ್ಲ ಎಂದು ನನಗೆ ಹೆಮ್ಮೆಯಾಯಿತು. ಕೊನೆಗೆ ನಾಲ್ಕು ಜುಮ್ಮನಕಾಯಿ ಜಜ್ಜಿ ಹಾಕಿದರು. ನಾಲಿಗೆಯನ್ನು ಜುಂ ಎನ್ನಿಸುವ ಒಣಕಾಯಿ ಅದು. "ಬೇರೆ ಊರಲ್ಲಿ ಮೀನು ಇರಬಹುದು, ಈ ವಾಸನೆ ಇರೋದಿಲ್ಲ" ಎಂದರು.

ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ನೀರು ಕುಡಿಯಲು ಬಂದ ಅಪ್ಪ ನನ್ನ ಹಿಂದೆಯೇ ನಿಂತಿದ್ದ.

"ನಿನ್ನೆ ನಮ್ಮವರು ಒರಟಾಗಿ ಆಡಿದ್ರು, ಬೇಜಾರ ಮಾಡ್ಕೋಬೇಡಿ. ಉಷಾನ ಮೊದಲ ಕೂಸು ಹದಿನಾರು ದಿನಕ್ಕೆ ಹೋಯ್ತು. ನಿದ್ದೆಯಲ್ಲೇ. ಬೆಳಿಗ್ಗೆ ನೋಡಿದ್ರೆ ಮಲಗಿದ ಹಾಗೇ ಇತ್ತು. ಅವತ್ತಿನಿಂದ ಮುಚ್ಚಿದ ಕಣ್ಣು ನೋಡಿದ್ರೆ ಅವಳಿಗೆ ಆಗೋದಿಲ್ಲ. ಇದು ಹುಟ್ಟಿದ ಮೇಲೆ ಅವಳು ನೆಟ್ಟಗೆ ಮಲಗೇ ಇಲ್ಲ. ಕೂಸು ಮಲಗಿದ್ರೆ ಇವಳು ಕೂತು ಅದರ ಉಸಿರು ನೋಡ್ತಾಳೆ. ನಾನು ನೋಡ್ತೇನೆ ಮಲಗು ಅಂದ್ರೂ ಕೇಳೋದಿಲ್ಲ."

ಅಪ್ಪ ತಂಬಿಗೆ ಕೈಯಲ್ಲಿ ಹಿಡಿದು ನಿಂತೇ ಇದ್ದ. ನೀರು ಕುಡಿಯಲಿಲ್ಲ.

ಊಟಕ್ಕೆ ಕೂತಾಗ ಅತಿಥಿಗೆ ಸಲ್ಲಬೇಕಾದದ್ದೆಂದು ತಲೆಯ ಹೋಳನ್ನು ಅಪ್ಪನ ಎಲೆಗೇ ಬಡಿಸಿದರು. ಅದರಲ್ಲಿ ಕಣ್ಣು ಇತ್ತು. ಬೆಂದು ಮುತ್ತಿನಂತೆ ಬಿಳಿಯಾಗಿತ್ತು. "ಕುದಿಸಿದ್ರೂ ಮುಚ್ಚಲಿಲ್ಲಲ್ರಿ ಇದು" ಎಂದ ಅಪ್ಪ. ಎಲ್ಲರೂ ನಕ್ಕರು, ಅವನೂ ನಕ್ಕ. ಮೊದಲು ಸ್ವಲ್ಪ ಹಿಂಜರಿದ. ಆಮೇಲೆ ಕೈ ಹಾಕಿದ. ಮುಳ್ಳಿಗೆ ಹೆದರಿ ಪ್ರತಿ ತುತ್ತನ್ನೂ ಬೆರಳಲ್ಲಿ ತಡಕಿ ನೋಡುತ್ತಿದ್ದವನು, ಮುಳ್ಳಿಲ್ಲವೆಂದು ಖಾತ್ರಿಯಾದ ಮೇಲೆ ತಲೆ ಎತ್ತಲಿಲ್ಲ. ನನಗಂತೂ ಆ ಮೊದಲ ತುತ್ತು ನಾಲಿಗೆಯ ಮೇಲೆ ಕೂತಾಗ, ಇಷ್ಟು ವರ್ಷ ನಾವು ತಿಂದ ಒಣ ಮೀನು ಮೀನಿನ ಸುದ್ದಿ ಮಾತ್ರ ಎನ್ನಿಸಿತು. ಗಟ್ಟಿ ಹೋಳು, ಆದರೂ ಬೆರಳು ತಾಗಿದರೆ ಎಸಳು ಎಸಳಾಗಿ ಬಿಚ್ಚುತ್ತಿತ್ತು. ಬೆಳಿಗ್ಗೆ ದೋಣಿಯನ್ನೇ ಎಳೆದಾಡಿದ ಜೀವ ಅದು. ತಿನ್ನುತ್ತಾ ಒಂದು ಬಗೆಯ ಭಯವೂ ಆಗುತ್ತಿತ್ತು, ಇನ್ನೂ ಬೇಕು ಎಂದೂ ಅನ್ನಿಸುತ್ತಿತ್ತು. ಇನ್ನೂ ಬೇಕು ಎನ್ನುವುದೇ ಗೆದ್ದಿತು. ಅನ್ನ ಮೂರು ಸಲ ಹಾಕಿಸಿಕೊಂಡೆ. "ರೊಟ್ಟಿ ಇದ್ದಿದ್ರ..." ಎಂದು ಅಪ್ಪ ಮೆಲ್ಲಗೆ ಅಂದದ್ದನ್ನು ನಾನು ಕೇಳಿಸಿಕೊಳ್ಳದವನಂತೆ ಇದ್ದೆ.

ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಅಪ್ಪ ತೊಟ್ಟಿಲ ಮುಂದೆ ಕೂತ. ಸಣ್ಣ ಚಾಕು ದೀಪದ ಉರಿಗೆ ಕಾಸಿ, ಮೀನಿನ ಮುಚ್ಚಿದ ರೆಪ್ಪೆಯ ಅರಗನ್ನು ಪದರ ಪದರವಾಗಿ ಎತ್ತಿದ. ಐದು ಕೂದಲು ಒಂದೊಂದಾಗಿ ಹೋದವು. ಅವನ ಅಪ್ಪ ಬರೆಯಲು ಕಲಿಸಿಕೊಟ್ಟ ಗೆರೆಗಳು ಅವು. ಮೈ ಮಾತ್ರ ಮುಟ್ಟಲಿಲ್ಲ, ದುಂಡು ಕೆಂಪು ಹಾಗೇ ಉಳಿಯಿತು. "ಮೈ ಬದಲ ಮಾಡೂದಿಲ್ಲೇನಪಾ?" ಎಂದೆ. "ಆ ಬಣ್ಣಾ ನಿಲ್ಲಂಗಿಲ್ಲ ಅಂತ ನೋಡೀದಿಲ್ಲೋ? ಕಣ್ಣ ಅಷ್ಟ ನಿಂತೈತಿ. ಅಷ್ಟ ಸಾಕು" ಎಂದ. ರೆಪ್ಪೆ ಇದ್ದ ಜಾಗದಲ್ಲಿ ಬಿಳಿ ಬಣ್ಣ ಕೂಡಿಸಿ, ನಡುವಿನ ಕಪ್ಪನ್ನು ನಾಳೆಗೆ ಬಿಟ್ಟ.

ರವಿವಾರ ಬೆಳಿಗ್ಗೆ ಸ್ನಾನ ಮಾಡಿ ಕಾಡಿಗೆ ಹಿಡಿದು ಕೂತ. ಗಿಳಿಗೆ ಇಟ್ಟ, ನವಿಲಿಗೆ ಇಟ್ಟ, ಆನೆಗೆ ಇಟ್ಟ. ಎಲ್ಲಕ್ಕೂ ಕೊನೆಗೆ ತೊಟ್ಟಿಲೊಳಗೆ ತಲೆ ತೂರಿಸಿ ಮೀನಿಗೆ ಕಣ್ಣಿಟ್ಟ. ದುಂಡನೆಯ ಕಪ್ಪು, ಸುತ್ತ ಹಳದಿಯ ಒಂದು ಸಣ್ಣ ಬಳೆ. ಅವನು ಹಿಂದೆ ಸರಿದಾಗ ನಾನು ಬಗ್ಗಿ ನೋಡಿದೆ. ನೀರೊಳಗಿಂದ ನಮ್ಮನ್ನು ನೋಡಿದ್ದು ಅದೇ ಕಣ್ಣು.

ಮಾಸ್ತರು ಬಗ್ಗಿ ಬಹಳ ಹೊತ್ತು ನೋಡಿದರು. "ಮೈಯೆಲ್ಲ ಸುಳ್ಳು" ಎಂದರು. ಆಮೇಲೆ, "ಕಣ್ಣು ಖರೆ" ಎಂದರು. ಅಪ್ಪ ತೊಟ್ಟಿಲಿನ ಹಿಡಿಕೆಯ ಮೇಲೆ ಕೈಯಿಟ್ಟು ನಿಂತಿದ್ದವನು ಆಗ ಕೈ ತೆಗೆದ.

ಉಷಾ ಕೂಸನ್ನು ಎತ್ತಿಕೊಂಡು ಬಂದಳು. ಒಳಗೆ ಇಣುಕಿದಳು, ಈ ಸಲ ಓಡಿಹೋಗಲಿಲ್ಲ. "ಮೀನು ಮಲಗಿದ್ರೆ ಕೂಸು ಮಲಗ್ತದೆ ಅಂದಿದ್ರಂತೆ. ಈಗ ಇದು ಮಲಗೋದು ಯಾವಾಗ?" ಎಂದು ಕೇಳಿದಳು. ಅವಳ ಕಣ್ಣ ಸುತ್ತ ಕಪ್ಪುಗಟ್ಟಿತ್ತು.

"ಇದು ಮಲಗಂಗಿಲ್ಲ, ತಂಗೀ" ಎಂದ ಅಪ್ಪ. "ನಾ ನೋಡಿ ಬಂದೀನಿ. ಇದು ಯಾವತ್ತೂ ಮಲಗಂಗಿಲ್ಲ. ಇನ್ನ ಮ್ಯಾಲ ಕೂಸಿನ್ನ ಇದು ನೋಡಕೋತೈತಿ. ನೀ ಮಲಗವಾ."

ಉಷಾ ಕೂಸನ್ನು ತಾಯಿಯ ಕೈಗೆ ಕೊಟ್ಟಳು. ಹೆಂಗಸರು ಹಾಡು ಹೇಳುತ್ತಾ ಕೂಸನ್ನು ತೊಟ್ಟಿಲಿಗೆ ಹಾಕಿದರು, ಹೆಸರಿಟ್ಟರು, ಬಂದವರು ಉಂಡರು, ಎದ್ದರು. ಮಾಸ್ತರು ರೀಲಿನ ಆ ದಾರವನ್ನು ಬಿಚ್ಚಿ ಸುತ್ತಿ ನನ್ನ ಕೈಗೆ ಕೊಟ್ಟು, ಹೊಸದು ಹಾಕಿಕೊಳ್ಳುತ್ತೇನೆ ಎಂದರು. ಬಸ್ಸಿನ ಹೊತ್ತಾಯಿತೆಂದು ಹೇಳಿ ಹೋಗಲು ನಾವು ನಡುಮನೆಗೆ ಬಂದೆವು. ತೊಟ್ಟಿಲಿನ ಬಾಜೂ, ಬರಿ ನೆಲದ ಮೇಲೆ, ಹೊಸ ಸೀರೆಯಲ್ಲೇ ಉಷಾ ಮಲಗಿದ್ದಳು. ಗಾಢ ನಿದ್ದೆ, ಬಾಯಿ ಸ್ವಲ್ಪ ತೆರೆದಿತ್ತು. ತೂಗುವ ಹಗ್ಗ ಇನ್ನೂ ಕೈಯಲ್ಲಿತ್ತು. ಅಪ್ಪ ನನ್ನ ತೋಳು ಹಿಡಿದು ನಿಲ್ಲಿಸಿದ. ತೊಟ್ಟಿಲೊಳಗೆ ಕೂಸು ಎಚ್ಚರವಿತ್ತು. ಅಳದೆ, ಕೈಕಾಲು ಆಡಿಸದೆ, ಅದು ಮೀನನ್ನು ನೋಡುತ್ತಿತ್ತು, ಮೀನು ಅದನ್ನು ನೋಡುತ್ತಿತ್ತು.